ಊರ ಅಂಗಡಿಗಳ ಸೈಟಿಗೆ ವರ್ಡ್‌ಪ್ರೆಸ್: ನಾಲ್ಕು ವರ್ಷ ಬಳಸಿದ ಮೇಲೆ

ರೇಟಿಂಗ್: 5ಕ್ಕೆ 4

ಇಲ್ಲಿ ಹೇಳುತ್ತಿರುವುದು ಸ್ವಂತ ಡೊಮೇನ್ (ಸೈಟಿನ ಹೆಸರು), ಶೇರ್ಡ್ ಹೋಸ್ಟಿಂಗ್ (ಹಲವು ಸೈಟುಗಳು ಹಂಚಿಕೊಳ್ಳುವ ಸರ್ವರ್), ಸೈಟು ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್ ಮತ್ತು ಅದರ ಜೊತೆಗೇ ಬರುವ ಬ್ಲಾಕ್ ಥೀಮ್ (ಸೈಟಿನ ಸಿದ್ಧ ವಿನ್ಯಾಸ) ಬಗ್ಗೆ. ಬೇಕರಿ, ಹಾರ್ಡ್‌ವೇರ್ ಅಂಗಡಿ, ಹಲ್ಲಿನ ಕ್ಲಿನಿಕ್, ಕಲ್ಯಾಣ ಮಂಟಪ, ಹೀಗೆ ನಾಲ್ಕೈದು ಪುಟ ಮೀರದ ಸೈಟುಗಳು. ಗೂಗಲ್ ಬಿಸಿನೆಸ್ ಪ್ರೊಫೈಲ್ ಜೊತೆ ಪುಕ್ಕಟೆ ಸಿಗುತ್ತಿದ್ದ ಸೈಟುಗಳನ್ನು 2024ರ ಮಾರ್ಚ್‌ನಲ್ಲಿ ಮುಚ್ಚಿದ ಮೇಲೆ ಇದೇ ದಾರಿ ಹಿಡಿಯಬೇಕೇ ಎಂದು ಯೋಚಿಸುತ್ತಿರುವವರಿಗೆ ಉಪಯೋಗಕ್ಕೆ ಬಂದೀತು. ವರ್ಡ್‌ಪ್ರೆಸ್ಸನ್ನು ಅದರ ಪಾಡಿಗೆ ಬಿಟ್ಟರೆ ಮೊಬೈಲಿಗೆ ಚೆನ್ನಾಗಿಯೇ ಹೊಂದಿಕೊಳ್ಳುತ್ತದೆ. ಸೈಟು ಕೆಡುವುದು ನಾವು ಮೇಲೆ ಹೇರುವ ಅಲಂಕಾರದಿಂದ.

ಮೊದಲ ಎಡವಟ್ಟು ಆಗುವುದು ಕಾಲಂಗಳಲ್ಲಿ. ಸೈಟು ಮಾಡುವವರು ಕಂಪ್ಯೂಟರ್ ಮುಂದೆ ಕೂತಿರುತ್ತಾರೆ, ಗಿರಾಕಿ ಬಸ್ ಸ್ಟಾಂಡಿನಲ್ಲಿ ಫೋನ್ ಹಿಡಿದು ನಿಂತಿರುತ್ತಾರೆ. ಎಡಗಡೆ ಅಂಗಡಿಯ ಪರಿಚಯ, ಬಲಗಡೆ ಫೋನ್ ನಂಬರ್ ಮತ್ತು ವಿಳಾಸ ಇಟ್ಟರೆ ದೊಡ್ಡ ಸ್ಕ್ರೀನಿನಲ್ಲಿ ನೋಡಲು ಚೆಂದ. ಆದರೆ ಸ್ಕ್ರೀನಿನ ಅಗಲ 782 ಪಿಕ್ಸೆಲ್‌ಗಿಂತ ಕಡಿಮೆಯಾದ ಕೂಡಲೇ ಕಾಲಂಗಳು ಒಂದರ ಕೆಳಗೊಂದು ಇಳಿಯುತ್ತವೆ. ಎಡದ್ದು ಮೇಲೆ, ಬಲದ್ದು ಕೆಳಗೆ. ಅಂದರೆ 'ಮೂರು ತಲೆಮಾರಿನಿಂದ ತಮ್ಮ ಸೇವೆಯಲ್ಲಿ' ಎಂಬ ನಾಲ್ಕು ಪ್ಯಾರಾ ದಾಟಿದ ಮೇಲೆ ಫೋನ್ ನಂಬರ್. ಹಾಗಾಗಿ ಮೊಬೈಲಿನಲ್ಲಿ ಮೊದಲು ಕಾಣಬೇಕಾದದ್ದನ್ನು ಎಡ ಕಾಲಂನಲ್ಲೇ ಇಡಿ. ಇಲ್ಲವೇ ಕಾಲಂಗಳ ಸಹವಾಸವೇ ಬೇಡ ಎಂದು ಎಲ್ಲವನ್ನೂ ಒಂದರ ಕೆಳಗೊಂದು ಇಳಿಸಿ. ಸಣ್ಣ ಅಂಗಡಿಗೆ ಅಷ್ಟು ಸಾಕು.

ಫೋನಿನ 360 ಪಿಕ್ಸೆಲ್ ಅಗಲದ ಮೊದಲ ಸ್ಕ್ರೀನಿನಲ್ಲಿ ಐದು ಸಂಗತಿ ಕಾಣಬೇಕು: ಅಂಗಡಿಯ ಹೆಸರು, ಯಾವ ರಸ್ತೆಯಲ್ಲಿದೆ, ಇವತ್ತು ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ, ಕರೆ ಮಾಡುವ ಬಟನ್, ವಾಟ್ಸ್‌ಆ್ಯಪ್ ಬಟನ್. ಬಟನ್ ಕನಿಷ್ಠ 48 ಪಿಕ್ಸೆಲ್ ಎತ್ತರ ಇರಲಿ, ಎರಡರ ನಡುವೆ 8 ಪಿಕ್ಸೆಲ್ ಜಾಗ ಇರಲಿ. ಕರೆಯ ಲಿಂಕಿನಲ್ಲಿ ನಂಬರ್ +91 ಸೇರಿಸಿ ಬರೆಯಬೇಕು. ಲ್ಯಾಂಡ್‌ಲೈನ್ ಆದರೆ ಎಸ್‌ಟಿಡಿ ಕೋಡಿನ ಮೊದಲ ಸೊನ್ನೆ ಬಿಡಬೇಕು: ತುಮಕೂರಿನ 0816 ಇದ್ದರೆ +91816 ಎಂದು ಶುರು. ವಾಟ್ಸ್‌ಆ್ಯಪ್ ಲಿಂಕಿನ ಲೆಕ್ಕ ಬೇರೆ, ಅಲ್ಲಿ ಪ್ಲಸ್ ಚಿಹ್ನೆಯೂ ಇರಬಾರದು, ಸೊನ್ನೆಯೂ ಇರಬಾರದು, ಮೊದಲು 91, ಆಮೇಲೆ ಹತ್ತು ಅಂಕಿ ಅಷ್ಟೇ. ಒಂದರಲ್ಲಿದ್ದುದನ್ನು ಇನ್ನೊಂದಕ್ಕೆ ಹಾಗೇ ಅಂಟಿಸುವವರೇ ಜಾಸ್ತಿ.

ಈ ಎರಡು ಬಟನ್‌ಗಳನ್ನು ಸ್ಕ್ರೀನಿನ ಬುಡದಲ್ಲಿ ಪಟ್ಟಿಯಂತೆ ಅಂಟಿಸಿಡಲು ಕೆಲವು ಸಾಲು ಸಿಎಸ್‌ಎಸ್ (ಪುಟದ ರೂಪ ಹೇಳುವ ಕೋಡ್) ಬರೆಯಬೇಕು. ಪಟ್ಟಿ 56 ಪಿಕ್ಸೆಲ್ ಎತ್ತರವಿದ್ದರೆ ಪುಟದ ತಳದಲ್ಲೂ ಅಷ್ಟೇ ಜಾಗ ಖಾಲಿ ಬಿಡಿ. ಬಿಡದಿದ್ದರೆ ಪುಟದ ಕೊನೆಯ ಸಾಲು ಪಟ್ಟಿಯ ಹಿಂದೆ ಅಡಗುತ್ತದೆ, ಆ ಕೊನೆಯ ಸಾಲು ಸಾಮಾನ್ಯವಾಗಿ ವಿಳಾಸವೇ ಆಗಿರುತ್ತದೆ.

ಬೆಲೆ ಪಟ್ಟಿಯದು ಇನ್ನೊಂದು ಕಥೆ. 'ಐಟಂ, ವಿವರ, ತೂಕ, ಬೆಲೆ' ಎಂದು ನಾಲ್ಕು ಕಾಲಂನ ಟೇಬಲ್ ಹಾಕಿದರೆ ಫೋನಿನಲ್ಲಿ ಬಲತುದಿ ಸ್ಕ್ರೀನಿನಿಂದಾಚೆ ಹೋಗುತ್ತದೆ. ಪಕ್ಕಕ್ಕೆ ಸರಿಸಿದರೆ ಸಿಗುತ್ತದೆ, ಆದರೆ ಸರಿಸಬಹುದು ಎಂಬ ಸುಳಿವೇ ಇರುವುದಿಲ್ಲ. ಕಾಣದೆ ಹೋಗುವುದು ಗಿರಾಕಿ ಹುಡುಕಿಕೊಂಡು ಬಂದ ಬೆಲೆಯೇ. ಎರಡೇ ಕಾಲಂ ಇಡಿ: ಎಡಕ್ಕೆ 'ದಿಲ್‌ಪಸಂದ್, 250 ಗ್ರಾಂ', ಬಲಕ್ಕೆ ಬೆಲೆ.

ಚಿತ್ರಗಳ ವಿಷಯದಲ್ಲಿ ವರ್ಡ್‌ಪ್ರೆಸ್‌ಗೆ ಪೂರ್ಣ ಅಂಕ ಕೊಡಬೇಕು. ಫೋನಿನಲ್ಲಿ ತೆಗೆದ 4000×3000 ಅಳತೆಯ ಫೋಟೋ ಏರಿಸಿದರೆ 150, 300, 768, 1024, 1536, 2048, 2560 ಪಿಕ್ಸೆಲ್ ಅಳತೆಯ ಪ್ರತಿಗಳನ್ನು ತಾನೇ ಮಾಡಿ, ಗಿರಾಕಿಯ ಫೋನಿಗೆ ತಕ್ಕದ್ದನ್ನು ಬ್ರೌಸರ್ ಆರಿಸಿಕೊಳ್ಳಲು ಬಿಡುತ್ತದೆ. 5.5ನೇ ಆವೃತ್ತಿಯಿಂದ, ಅಂದರೆ 2020ರಿಂದ, ಕೆಳಗಿನ ಚಿತ್ರಗಳನ್ನು ತಡವಾಗಿ ಇಳಿಸುವ ವ್ಯವಸ್ಥೆಯೂ ಬಂತು. 2023ರ 6.3ರಲ್ಲಿ ಮೇಲಿನ ದೊಡ್ಡ ಚಿತ್ರಕ್ಕೆ ಆದ್ಯತೆ ಸಿಕ್ಕಿತು. ಆದರೆ ಒಂದು ಫೋಟೋಗೆ ಮೂಲವೂ ಸೇರಿ ಎಂಟು ಫೈಲ್ ಆಗುತ್ತವೆ. ಕಡಿಮೆ ಬೆಲೆಯ ಹೋಸ್ಟಿಂಗ್‌ನಲ್ಲಿ ಜಾಗಕ್ಕಿಂತ ಮೊದಲು ಫೈಲ್‌ಗಳ ಸಂಖ್ಯೆಯ ಮಿತಿ ತುಂಬಬಹುದು. ಏರಿಸುವ ಮೊದಲೇ ಅಗಲವನ್ನು 1600ಕ್ಕೆ ಇಳಿಸಿ, ವೆಬ್‌ಪಿ ಎಂಬ ಹಗುರ ಚಿತ್ರ ಮಾದರಿಗೆ ಬದಲಿಸಿಕೊಂಡರೆ ಈ ತಲೆನೋವು ಅರ್ಧ ಕಡಿಮೆ.

ಚಿತ್ರಗಳು ಒಂದಾದ ಮೇಲೊಂದು ಸರಿಯುವ ಸ್ಲೈಡರ್ ಹಾಕಿದರೆ ಈ ಅನುಕೂಲವೆಲ್ಲ ನೀರುಪಾಲು. ಎಷ್ಟೋ ಸ್ಲೈಡರ್‌ಗಳು ಚಿತ್ರವನ್ನು ಹಿನ್ನೆಲೆಯಾಗಿ ಇಡುತ್ತವೆ. ಆಗ ಬ್ರೌಸರಿಗೆ ಸಿಎಸ್‌ಎಸ್, ಸ್ಕ್ರಿಪ್ಟ್ ಓದುವವರೆಗೂ ಅಲ್ಲೊಂದು ಚಿತ್ರವಿದೆ ಎಂದೇ ತಿಳಿಯುವುದಿಲ್ಲ. ಇನ್ನು ಪೋಸ್ಟರ್. ಫ್ಲೆಕ್ಸ್ ಮಾಡಿಸಿದ ಡಿಸೈನನ್ನೇ ಸೈಟಿಗೂ ಹಾಕಿ ಎಂದು ಅಂಗಡಿಯವರು ಕಳಿಸಿಯೇ ಕಳಿಸುತ್ತಾರೆ. 1080 ಪಿಕ್ಸೆಲ್ ಅಗಲದ ಪೋಸ್ಟರ್ ಫೋನಿನಲ್ಲಿ ಅಂಚು ಬಿಟ್ಟು 330ಕ್ಕೆ ಕುಗ್ಗುತ್ತದೆ. ಅದರಲ್ಲಿ 36 ಪಿಕ್ಸೆಲ್ ಇದ್ದ ಅಕ್ಷರ 11ಕ್ಕೆ ಇಳಿಯುತ್ತದೆ. ಕನ್ನಡದ ಒತ್ತಕ್ಷರ 11 ಪಿಕ್ಸೆಲ್‌ನಲ್ಲಿ ಬರೀ ಚುಕ್ಕೆ. ಪೋಸ್ಟರಿನ ಮಾತನ್ನು ಟೈಪ್ ಮಾಡಿ ಹಾಕುವುದೊಂದೇ ದಾರಿ.

ಟೈಪ್ ಮಾಡಿದ ಮ್ಯಾಟರ್ ಕಳಿಸಿ ಎಂದರೆ ಪ್ರಿಂಟಿಂಗ್ ಪ್ರೆಸ್‌ನಿಂದ ಬರುವುದು ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನ ಫೈಲ್, ಅಂದರೆ ರೋಮನ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ರೂಪ ತೊಡಿಸಿದ್ದು. ಅದನ್ನು ಎಡಿಟರಿಗೆ ಅಂಟಿಸಿದರೆ ತಲೆಯ ಮೇಲೆ ಚುಕ್ಕೆ, ಗೆರೆ ಹೊತ್ತ ರೋಮನ್ ಅಕ್ಷರಗಳ ಸಂತೆ. ಫೋನುಗಳಿಗೆ ಕನ್ನಡವೆಂದೇ ತಿಳಿಯುವ ಯೂನಿಕೋಡ್‌ಗೆ ಪರಿವರ್ತಿಸಿಯೇ ಹಾಕಬೇಕು. ಪರಿವರ್ತಿಸಿದ ಮೇಲೂ ಅರ್ಕಾವತ್ತು, ಅಂಕಿ ಮತ್ತು ರೂಪಾಯಿ ಚಿಹ್ನೆಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿ.

ಒಂದು ಸ್ಟಾರ್ ಕತ್ತರಿಸಿದ್ದು ಕನ್ನಡದ ಕಾರಣಕ್ಕೇ. ಥೀಮ್‌ಗಳ ಅಳತೆಯೆಲ್ಲ ರೋಮನ್ ಲಿಪಿಗೆ ಹೊಲಿದದ್ದು. ಶೀರ್ಷಿಕೆಗೆ ಸಾಲಿನ ಎತ್ತರವನ್ನು ಅಕ್ಷರದ ಅಳತೆಯ 1.1 ಅಥವಾ 1.2 ಪಟ್ಟು ಇಟ್ಟಿರುತ್ತಾರೆ. 'ವಸ್ತ್ರಾಲಯ' ಎಂದು ಬರೆದು ನೋಡಿ: 'ಸ್ತ್ರಾ' ಕೆಳಗಿನ ಒತ್ತುಗಳು ಮುಂದಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತವೆ. ಎತ್ತರ ಕಟ್ಟಿಹಾಕಿದ ಬಟನ್ ಒಳಗೆ ಅದೇ ಪದ ಇಟ್ಟರೆ ರಕಾರದ ಬಾಲ ಕತ್ತರಿಸಿಹೋಗುತ್ತದೆ. ಶೀರ್ಷಿಕೆಗೆ 1.4, ಒಳಗಿನ ಬರಹಕ್ಕೆ 1.7 ಇಡಿ. ಬಟನ್‌ಗೆ ಎತ್ತರ ನಿಗದಿ ಮಾಡದೆ ಮೇಲೆ ಕೆಳಗೆ ಪ್ಯಾಡಿಂಗ್ (ಖಾಲಿ ಜಾಗ) ಕೊಡಿ. ಉದ್ದ ಸಮಾಸಪದಗಳೂ ಕಾಟ ಕೊಡುತ್ತವೆ. 'ಗೃಹಪ್ರವೇಶಸಮಾರಂಭಗಳಿಗೆ' ಎಂದು ದೊಡ್ಡ ಅಕ್ಷರದಲ್ಲಿ ಕೂಡಿಸಿ ಬರೆದರೆ ಪದ ಸ್ಕ್ರೀನಿಗಿಂತ ಅಗಲವಾಗಿ ಇಡೀ ಪುಟ ಪಕ್ಕಕ್ಕೆ ಅಲುಗಾಡತೊಡಗುತ್ತದೆ. ಬಿಡಿಸಿ ಬರೆಯಿರಿ, ಓದಲೂ ಹಿತ.

ಫಾಂಟ್ ಬಗ್ಗೆ ನಮ್ಮ ನಿಲುವು ಕೆಲವರಿಗೆ ಹಿಡಿಸಲಿಕ್ಕಿಲ್ಲ: ಒಳಗಿನ ಬರಹಕ್ಕೆ ಬೇರೆ ಫಾಂಟ್ ಇಳಿಸಲೇಬೇಡಿ. ಥೀಮಿನ ಫಾಂಟಿನಲ್ಲಿ ಕನ್ನಡ ಇರುವುದು ಅಪರೂಪ, ಇಲ್ಲದಿದ್ದರೆ ಫೋನ್ ತನ್ನಲ್ಲಿರುವ ಕನ್ನಡ ಫಾಂಟ್ ಬಳಸುತ್ತದೆ, ಅದು ಓದಲು ಸಾಕು, ಇಳಿಸುವ ಖರ್ಚೂ ಇಲ್ಲ. ಅಂಗಡಿಗೊಂದು ಠೀವಿ ಬೇಕೆಂದರೆ ವರ್ಡ್‌ಪ್ರೆಸ್ 6.5ರಲ್ಲಿ ಬಂದ ಫಾಂಟ್ ಲೈಬ್ರರಿಯಿಂದ ಹೆಸರಿಗೆ ಮಾತ್ರ ಒಂದು ಫಾಂಟ್, ಒಂದೇ ದಪ್ಪದ್ದು. ದಪ್ಪಕ್ಷರದ ಫೈಲ್ ಇಲ್ಲದೆ ಬೋಲ್ಡ್ ಒತ್ತಿದರೆ ಬ್ರೌಸರ್ ತಾನೇ ಮಸಿ ಬಳಿದಂತೆ ದಪ್ಪ ಮಾಡುತ್ತದೆ, ಒತ್ತುಗಳು ಕಲಸಿಹೋಗುತ್ತವೆ.

ಪುಟದ ವೆಬ್ ವಿಳಾಸವನ್ನು (ಲಿಂಕ್) ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಇಡಿ. ಶೀರ್ಷಿಕೆ ಕನ್ನಡದಲ್ಲಿದ್ದರೆ ವರ್ಡ್‌ಪ್ರೆಸ್ ವಿಳಾಸವನ್ನೂ ಕನ್ನಡದಲ್ಲೇ ಮಾಡುತ್ತದೆ. ಒಳಗೆ ಅದು ಶೇಕಡಾ ಚಿಹ್ನೆಗಳ ಸಂಕೇತವಾಗಿ, ಒಂದೊಂದು ಕನ್ನಡ ಚಿಹ್ನೆಗೆ 9 ಅಕ್ಷರ ತಿನ್ನುತ್ತದೆ. ಮಿತಿ 200. ಕಾಗುಣಿತ, ಒತ್ತು, ಎಲ್ಲ ಸೇರಿ 22 ಚಿಹ್ನೆಗೆ ವಿಳಾಸ ತುಂಡಾಗುತ್ತದೆ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ನಾಲ್ಕು ಸಾಲು ಕಸ.

ವೇಗ ಅಳೆಯಲು ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಇದೆ. ಮುಖ್ಯ ಭಾಗ ಕಾಣಲು 2.5 ಸೆಕೆಂಡ್, ಒತ್ತಿದ್ದಕ್ಕೆ ಪ್ರತಿಕ್ರಿಯೆ 200 ಮಿಲಿಸೆಕೆಂಡ್, ತೆರೆಯುವಾಗ ಪುಟದ ಭಾಗಗಳು ಜಿಗಿದಾಡುವುದರ ಅಂಕ 0.1, ಇವುಗಳ ಒಳಗಿರಬೇಕು. ಆದರೆ ಊರ ಅಂಗಡಿಗೆ ಬರುವ ಜನ ಕಡಿಮೆಯಾದ್ದರಿಂದ ನಿಜವಾದ ಬಳಕೆದಾರರ ಅಂಕಿ ಹೆಚ್ಚಾಗಿ ಸಿಗುವುದೇ ಇಲ್ಲ, ಸಿಗುವುದು ಪ್ರಯೋಗದ ಅಂಕ. ಅದು ಒಂದೊಂದು ಸಲ ಒಂದೊಂದು ಬರುತ್ತದೆ. 100ರ ಬೆನ್ನು ಹತ್ತಬೇಡಿ. ಮ್ಯಾಪನ್ನು ಪುಟದೊಳಗೆ ಕೂರಿಸುವ ಬದಲು 'ದಾರಿ ತೋರಿಸಿ' ಎಂಬ ಬಟನ್ ಇಟ್ಟು ಗೂಗಲ್ ಮ್ಯಾಪ್ಸ್‌ಗೆ ಲಿಂಕ್ ಕೊಟ್ಟರೆ ಪುಟ ಹಗುರಾಗುತ್ತದೆ. ಗಿರಾಕಿಗೆ ಬೇಕಿರುವುದೂ ಆ್ಯಪ್ ತೆರೆಯುವುದೇ.

ಸಂಪರ್ಕ ಫಾರ್ಮ್ ಬೇಕೇ ಬೇಕೆಂದರೆ ಎರಡು ಎಚ್ಚರ. ಖಾನೆಯೊಳಗಿನ ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಾದರೆ ಐಫೋನಿನಲ್ಲಿ ಮುಟ್ಟಿದ ಕೂಡಲೇ ಪುಟ ಹಿಗ್ಗಿಕೊಳ್ಳುತ್ತದೆ. ಎರಡನೆಯದು ದೊಡ್ಡದು: ವರ್ಡ್‌ಪ್ರೆಸ್ ಸರ್ವರ್‌ನಿಂದ ನೇರವಾಗಿ ಕಳಿಸುವ ಮೇಲ್ ಸ್ಪ್ಯಾಮ್‌ಗೆ ಹೋಗುವ ಸಾಧ್ಯತೆ ಹೆಚ್ಚು, ಕೆಲವೊಮ್ಮೆ ತಲುಪುವುದೇ ಇಲ್ಲ. ಕಳಿಸಿದವರಿಗೆ ಮಾತ್ರ 'ಧನ್ಯವಾದ' ಎಂದು ಕಾಣುತ್ತದೆ. ಎಸ್‌ಎಂಟಿಪಿ ಮೂಲಕ, ಅಂದರೆ ಇಮೇಲ್ ಖಾತೆಗೆ ಲಾಗಿನ್ ಆಗಿ, ಕಳಿಸುವ ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಸೇರಿಸುವ ಸಣ್ಣ ತಂತ್ರಾಂಶ) ಹಾಕಿ, ಡೊಮೇನಿಗೆ ಎಸ್‌ಪಿಎಫ್ ದಾಖಲೆ (ಅದರ ಹೆಸರಿನಲ್ಲಿ ಮೇಲ್ ಕಳಿಸಬಹುದಾದ ಸರ್ವರ್‌ಗಳ ಪಟ್ಟಿ) ಸೇರಿಸಿ, ತಿಂಗಳಿಗೊಮ್ಮೆ ನೀವೇ ಒಂದು ಫಾರ್ಮ್ ತುಂಬಿ ನೋಡಿ.

ಉಳಿದದ್ದು ಮಾಮೂಲಿ ಕೆಲಸ. ವಾರಕ್ಕೊಂದು ಬ್ಯಾಕಪ್, ಅದೂ ಅದೇ ಸರ್ವರ್‌ನಲ್ಲಲ್ಲ. ಪ್ಲಗಿನ್ ಐದಾರು ಮೀರಬಾರದು. ಹೋಸ್ಟಿಂಗ್‌ನ ಮೊದಲ ವರ್ಷದ ದರ ನೋಡಿ ಮರುಳಾಗದೆ ನವೀಕರಣದ ದರ ಕೇಳಿ. ಡೊಮೇನ್ ಅಂಗಡಿಯವರ ಇಮೇಲ್‌ನಲ್ಲೇ ನೋಂದಣಿಯಾಗಲಿ, ಸೈಟು ಮಾಡಿಕೊಟ್ಟ ಹುಡುಗನದರಲ್ಲಿ ಬೇಡ. ಕ್ಯಾಶ್ ಪ್ಲಗಿನ್ (ಪುಟದ ನಕಲು ಕೂಡಿಟ್ಟು ಬೇಗ ತೋರಿಸುವಂಥದ್ದು) ಇದ್ದರೆ ಹಬ್ಬದ ರಜೆ ಬದಲಿಸಿದ ಮೇಲೆ ಕ್ಯಾಶ್ ಖಾಲಿ ಮಾಡಿ, ಲಾಗಿನ್ ಆಗಿರದ ಬೇರೆ ಫೋನಿನಲ್ಲಿ ತೆರೆದು ನೋಡಿ. ಲಾಗಿನ್ ಆದವರಿಗೆ ಹೊಸ ಪುಟ ಕಾಣುತ್ತಿರುತ್ತದೆ, ಗಿರಾಕಿಗೆ ಹಳೆಯದೇ.

ಯಾರಿಗೆ ಬೇಡ: ದಿನಕ್ಕೊಂದು ಮೆನು ಬದಲಾಗುವ ಟಿಫಿನ್ ಸೆಂಟರ್‌ಗೆ, ಅಪ್‌ಡೇಟ್ ಒತ್ತಲು ಯಾರೂ ಇಲ್ಲದ ಅಂಗಡಿಗೆ. ಅವರಿಗೆ ವಾಟ್ಸ್‌ಆ್ಯಪ್ ಬಿಸಿನೆಸ್‌ನ ಕ್ಯಾಟಲಾಗ್ ಮತ್ತು ಸರಿಯಾಗಿ ತುಂಬಿದ ಗೂಗಲ್ ಪ್ರೊಫೈಲ್ ಸಾಕು.