ಚರ್ಚ್ ಸ್ಟ್ರೀಟ್ ಮೇಲ್ಮಹಡಿಯ ಹಳೇ ಪುಸ್ತಕದಂಗಡಿ, ಅಕ್ಕನ ಪ್ರಶ್ನೆಗೆ ಉತ್ತರ ಸಿಕ್ತು

ಎಂಜಿ ರೋಡ್ ಮೆಟ್ರೋ ಇಳಿದು ನಡ್ಕೊಂಡೇ ಹೋಗ್ಬಹುದು, ಗಾಡಿ ತರ್ಬೇಡಿ, ನಿಲ್ಸೋಕೆ ಜಾಗ ಇಲ್ಲ. ಮೆಟ್ಟಿಲು ಕಿರಿದು, ವಯಸ್ಸಾದವರನ್ನ ಕರ್ಕೊಂಡು ಹೋಗೋದು ಕಷ್ಟ.

ನಮ್ಮಕ್ಕ ಅಮೆರಿಕದ ಜಾರ್ಜಿಯಾದಲ್ಲಿದಾಳೆ. ಅವಳು ಹೋಗೋ ಚರ್ಚಲ್ಲಿ ಪ್ರಸಂಗಪೀಠದ ಪಕ್ಕದಲ್ಲೇ ದೇಶದ ಬಾವುಟ ಇದ್ಯಂತೆ, ಆರಾಧನೆ ಮುಗಿದ್ಮೇಲೆ ಕಾಫಿ ಕುಡೀತಾ 'ಇದು ಕ್ರೈಸ್ತರ ದೇಶ, ನಾವು ವಾಪಸ್ ತಗೋಬೇಕು' ಅಂತಾರಂತೆ, ನಾವೂ ಕ್ರೈಸ್ತರೇ ಅಲ್ವೇನೋ, ಆದ್ರೆ ಆ 'ನಾವು'ನಲ್ಲಿ ನಾನಿಲ್ಲ ಅನ್ಸುತ್ತೆ ಕಣೋ ಅಂದ್ಲು. ಇಲ್ಲಿ ಬೆಂಗಳೂರಿನ ಹಡ್ಸನ್ ಚರ್ಚಲ್ಲಿ ಬೆಳೆದ ನನ್ನತ್ರ ಉತ್ತರ ಇರ್ಲಿಲ್ಲ.

ಅಂಗಡಿ ಅಂಕಲ್ ಹತ್ರ ಕ್ರಿಶ್ಚಿಯನ್ ನ್ಯಾಷನಲಿಸಂ, ಅಂದ್ರೆ ದೇಶ ಕ್ರೈಸ್ತರದ್ದೇ ಆಗಿರ್ಬೇಕು ಅನ್ನೋ ವಾದದ ಬಗ್ಗೆ ಪುಸ್ತಕ ಕೇಳ್ದೆ. 2021ರಲ್ಲಿ ಟ್ರಂಪ್ ಬೆಂಬಲಿಗರು ಅಮೆರಿಕದ ಸಂಸತ್ ಭವನಕ್ಕೆ ನುಗ್ಗಿದ ಕ್ಯಾಪಿಟಲ್ ಗಲಾಟೆ ಮೇಲಿಂದು ಕೈಗಿಟ್ಟು ಸುಮ್ನಾಗ್ತಾರೆ ಅಂದ್ಕೊಂಡಿದ್ದೆ. 'ಅದನ್ನ ಕೊನೇಗೆ ಓದಪ್ಪ, ಮೊದ್ಲು ಕಪ್ಪು ಜನ ಯಾಕೆ ಬೇರೆ ಚರ್ಚ್ ಕಟ್ಕೊಂಡ್ರು ನೋಡು' ಅಂತ ಸ್ಟೂಲ್ ಹತ್ತಿ ನಾಲ್ಕು ಪುಸ್ತಕ ಇಳಿಸಿದ್ರು. ಆ ಆರ್ಡರಲ್ಲಿ ಓದಿದ್ದಕ್ಕೇ ನಂಗೆ ವಿಷಯ ಅರ್ಥ ಆಗಿದ್ದು.

ಫಿಲಡೆಲ್ಫಿಯಾದ ಮೆಥಡಿಸ್ಟ್ ಚರ್ಚಲ್ಲಿ ಮಂಡಿಯೂರಿದ್ದ ಅಬ್ಸಲೋಮ್ ಜೋನ್ಸ್ ಅನ್ನೋ ಕಪ್ಪು ಮನುಷ್ಯರನ್ನ ಪ್ರಾರ್ಥನೆ ಮುಗಿಸೋಕೂ ಬಿಡ್ದೆ ಎಳೆದು ಎಬ್ಬಿಸ್ತಾರೆ, ಅವರ ಜೊತೆಗಾರ ರಿಚರ್ಡ್ ಆಲೆನ್ ಅಲ್ಲಿದ್ದ ಕಪ್ಪು ಜನರನ್ನೆಲ್ಲ ಕರ್ಕೊಂಡು ಹೊರಗೆ ನಡೀತಾರೆ, 1816ರಲ್ಲಿ ಎಎಂಇ (ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್) ಅನ್ನೋ ಕಪ್ಪು ಜನರದ್ದೇ ಪಂಗಡ ಆಗುತ್ತೆ. ಗುಲಾಮರನ್ನ ಇಟ್ಕೊಂಡವರು ಮಿಷನರಿ ಆಗ್ಬಹುದಾ ಅನ್ನೋ ಜಗಳದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಬ್ಯಾಪ್ಟಿಸ್ಟ್ ಪಂಗಡದವರು 1845ರಲ್ಲಿ ಒಡ್ಕೊಂಡು ಬೇರೆ ಆಗ್ತಾರೆ, ಅದಕ್ಕೆ ಕ್ಷಮೆ ಕೇಳಿದ್ದು 1995ರಲ್ಲಿ, ನೂರೈವತ್ತು ವರ್ಷ! ನನ್ನ ನಿದ್ದೆ ಕೆಡಿಸಿದ್ದು ಮಾತ್ರ 1807ರಲ್ಲಿ ಲಂಡನ್ನಲ್ಲಿ ವೆಸ್ಟ್ ಇಂಡೀಸ್ ಗುಲಾಮರಿಗೆ ಅಂತ ಅಚ್ಚು ಹಾಕಿದ ಬೈಬಲ್. ಇಸ್ರೇಲರು ಐಗುಪ್ತದ, ಅಂದ್ರೆ ಈಜಿಪ್ಟಿನ, ಗುಲಾಮಗಿರಿಯಿಂದ ಬಿಡುಗಡೆ ಆಗೋ ಕಥೇನೇ ಅದ್ರಲ್ಲಿ ತೆಗೆದುಹಾಕಿದ್ರು, ದಾಸರು ಯಜಮಾನರ ಮಾತು ಕೇಳ್ಬೇಕು ಅನ್ನೋದನ್ನ ಹಾಗೇ ಬಿಟ್ಟಿದ್ರು. ಸಂಡೇ ಸ್ಕೂಲಲ್ಲಿ ಮೊದ್ಲು ಕಲಿಸಿದ್ದೇ ಅವರನ್ನ ಬಿಡಿಸ್ಕೊಂಡು ಬಂದ ಮೋಶೆ ಕಥೆ ನಮಗೆ.

ಇಷ್ಟಾದ್ಮೇಲೆ ನ್ಯಾಷನಲಿಸಂ ಪುಸ್ತಕ ತೆಗೆದ್ರೆ ಒಂದೊಂದು ಪುಟಾನೂ ಬೇರೆ ಥರ ಕಾಣುತ್ತೆ. ಸಮೀಕ್ಷೆ ಮಾಡಿದ ಸಮಾಜಶಾಸ್ತ್ರಜ್ಞರು ಹೇಳೋದು ಏನಂದ್ರೆ, 'ಅಮೆರಿಕ ಕ್ರೈಸ್ತ ದೇಶ' ಅನ್ನೋ ಮಾತನ್ನ ಕಪ್ಪು ಜನಾನೂ ಒಪ್ತಾರೆ, ಬಿಳಿಯರೂ ಒಪ್ತಾರೆ, ಆದ್ರೆ ಬಿಳಿಯರಲ್ಲಿ ಆ ಮಾತು ಗಟ್ಟಿಯಾದಷ್ಟೂ ವಲಸಿಗರ ಬಗ್ಗೆ ಭಯ ಜಾಸ್ತಿ, ಪೊಲೀಸರು ಕಪ್ಪು ಜನಕ್ಕೆ ಅನ್ಯಾಯ ಮಾಡ್ತಾರೆ ಅನ್ನೋದನ್ನ ಒಪ್ಪೋದು ಕಮ್ಮಿ, ಕಪ್ಪು ಜನರಲ್ಲಿ ಹಾಗೆ ಆಗಲ್ಲ. ಅಂದ್ರೆ ಆ 'ಕ್ರೈಸ್ತ' ಅನ್ನೋ ಪದದೊಳಗೆ ಮೈಬಣ್ಣನೂ ಸೇರ್ಕೊಂಡಿದೆ, ಅಕ್ಕನಿಗೆ ಚುಚ್ಚಿದ್ದೂ ಅದೇ. ಇದನ್ನ ಬರೀವಾಗ ನಮ್ಮ ಕಡೇನೂ ದಲಿತ ಕ್ರೈಸ್ತರಿಗೆ ಬೇರೆ ಸ್ಮಶಾನ ಇರೋ ಊರುಗಳು ನೆನಪಾಗಿ ಸಂಕಟ ಆಗುತ್ತೆ.

ಅಂಗಡಿ ವಿಷಯಕ್ಕೆ ಬಂದ್ರೆ, ನಾಲ್ಕಕ್ಕೂ ಸೇರಿ 1,150 ರೂಪಾಯಿ, ಓದಿ ವಾಪಸ್ ಕೊಟ್ರೆ ಅರ್ಧ ದುಡ್ಡು ಕೊಡ್ತಾರೆ. ರ‍್ಯಾಕಿಗೆ ಲೇಬಲ್ ಇಲ್ಲ, ಅಂಕಲ್ ಇಲ್ದಿದ್ದಾಗ ಹೋದ್ರೆ ಹುಡುಗನಿಗೆ ಏನೂ ಗೊತ್ತಾಗಲ್ಲ. ಒಂದು ಪುಸ್ತಕದಲ್ಲಿ ಮಧ್ಯದ ಪುಟಗಳೇ ಇರ್ಲಿಲ್ಲ, ತಗೊಂಡೋಗಿ ತೋರಿಸ್ದಾಗ ಒಂದು ಮಾತೂ ಆಡದೆ ದುಡ್ಡು ವಾಪಸ್ ಕೊಟ್ರು. ಈ ವಿಷಯದ ಮೇಲೆ ಕನ್ನಡ ಪುಸ್ತಕ ಒಂದೂ ಸಿಗ್ಲಿಲ್ಲ, ನಮ್ಮಮ್ಮನಿಗೆ ನಾನೇ ರಾತ್ರಿ ಊಟ ಆದ್ಮೇಲೆ ಕೂತು ಕನ್ನಡದಲ್ಲಿ ಹೇಳ್ತಾ ಇದೀನಿ, ಎರಡನೇ ಪುಸ್ತಕದಲ್ಲಿದೀವಿ.