ಕಾಡು ಹೂವಿನ ಬೀಜದ ಪೊಟ್ಟಣ ತರಿಸುವ ಮುಂಚೆ ಇದನ್ನು ಓದಿ

ಮಳೆಗಾಲ ಹತ್ತಿರ ಬಂದಂತೆ "ಪಶ್ಚಿಮ ಘಟ್ಟದ ಅಪ್ಪಟ ಕಾಡು ಹೂವಿನ ಬೀಜ" ಅಂತ ಫೋನಿನಲ್ಲಿ ಜಾಹೀರಾತು ಜಾಸ್ತಿಯಾಗುತ್ತದೆ. ಉಡುಪಿ, ಮಂಗಳೂರಿನ ಕಡೆ ಯಾರಾದರೂ ಬೇಲಿಗೆ ನಮ್ಮೂರಿನ ಗಿಡವೇ ಬೇಕೆಂದು ಅದನ್ನು ತರಿಸುವ ಯೋಚನೆಯಲ್ಲಿದ್ದರೆ, ದಯವಿಟ್ಟು ಸ್ವಲ್ಪ ತಡೆಯಿರಿ.

ನಮ್ಮ ಮನೆ ಬ್ರಹ್ಮಾವರದ ಹತ್ತಿರ. ಹಿಂದೆ ಮುರಕಲ್ಲಿನ ಗುಡ್ಡೆ. ರಸ್ತೆ ಅಗಲ ಮಾಡುವಾಗ ಜೆಸಿಬಿ ಬಂದು ಅಂಚಿನ ಬಲ್ಲೆ, ಅಂದರೆ ಪೊದೆಯೆಲ್ಲ ಹೋಯಿತು. ಅಲ್ಲಿ ಮತ್ತೆ ಕೆಂಪು ಹೂವಿನ ಕೇಪುಳ, ನೇರಳೆ ಹೂವಿನ ನೆಕ್ಕರಿಕ, ಹೂವಿನ ಪಕ್ಕ ಬಿಳಿ ಎಲೆ ಬಿಡುವ ಬೆಳ್ಳಟ್ಟಿ ಬರಬೇಕು ಎಂಬುದು ನನ್ನ ಆಸೆ. ಕೇಪುಳದ ಹೂವಿಗೆ ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಬರುತ್ತದೆ. ಕಮಾಂಡರ್ ಚಿಟ್ಟೆಯ ಹುಳ ಬೆಳೆಯುವುದೇ ಬೆಳ್ಳಟ್ಟಿ ಎಲೆ ತಿಂದು. ಭೂತಕೋಲಕ್ಕೆ ಪಿಂಗಾರದ (ಅಡಿಕೆ ಹೂವಿನ) ಜೊತೆ ಬೇಕಾಗುವ ಕೇಪುಳವನ್ನೂ ಈಗ ಹುಡುಕಿಕೊಂಡು ಹೋಗಬೇಕಾಗಿದೆ, ಅಲ್ವಾ?

400 ರೂಪಾಯಿ ಹತ್ತಿರ ಕೊಟ್ಟು ಮೂರೂ ಬಗೆಯ ಬೀಜ ತರಿಸಿದೆ. ಕೆಂಪು ಮಣ್ಣು, ಹೊಯಿಗೆ, ಹಟ್ಟಿಗೊಬ್ಬರ ಬೆರೆಸಿ ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ಹಾಕಿದೆ. ಕೇಪುಳದ್ದು ಒಂದೂ ಹುಟ್ಟಲಿಲ್ಲ. ಉಳಿದ ಬೀಜ ಹಿಸುಕಿದರೆ ಒಳಗೆ ಬರೀ ಪುಡಿ. ಉಳಿದೆರಡು ಮಾತ್ರ ಭರದಿಂದ ಎದ್ದವು. ಪಕ್ಕದ ಮನೆಯ ಅಕ್ಕ ನೋಡಿದ ಕೂಡಲೇ, "ಇದು ನೆಕ್ಕರಿಕ ಅಲ್ಲ ಮಾರಾಯ್ರೆ, ಎಲೆಯ ಅಂಚು ನೋಡಿ" ಅಂದರು. ಬೆಳೆದ ಮೇಲೆ ಗೊತ್ತಾಯಿತು. ನೆಕ್ಕರಿಕ ಎಂದು ಕೊಟ್ಟದ್ದು ಟೆಕೋಮಾ, ಹಳದಿ ಗಂಟೆಯಂಥ ಹೂ ಬಿಡುವ ಅಮೆರಿಕ ಖಂಡದ ಗಿಡ. ಬೆಳ್ಳಟ್ಟಿ ಎಂದು ಕೊಟ್ಟದ್ದು ಮೆಕ್ಸಿಕೋ ಕಡೆಯ ಕಿತ್ತಳೆ ಬಣ್ಣದ ಕಾಸ್ಮಾಸ್. ಮಾರಿದವರಿಗೆ ಫೋಟೋ ಕಳಿಸಿದೆ. "ಹವಾಮಾನದ ವ್ಯತ್ಯಾಸ" ಅಂದರು. ಆಮೇಲೆ ಉತ್ತರವೇ ಇಲ್ಲ. ಹವಾಮಾನ ಬದಲಾದರೆ ಒಂದು ಗಿಡ ಇನ್ನೊಂದಾಗುತ್ತದೆಯೇ?

ದುಡ್ಡು ಹೋದದ್ದು ಸಣ್ಣ ವಿಷಯ. ಟೆಕೋಮಾದ ಬೀಜಕ್ಕೆ ಎರಡೂ ಬದಿ ತೆಳು ರೆಕ್ಕೆ ಇರುತ್ತದೆ, ಗಾಳಿಗೆ ಹಾರಿ ಬೀಳುತ್ತದೆ. ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾಗಳಲ್ಲಿ ಅದು ಕಳೆಯಾಗಿ ಕಾಡುತ್ತಿದೆ. ಲಂಟಾನ ಬಂದು ನಮ್ಮ ಗುಡ್ಡೆಗಳು ಏನಾದವು ಎಂದು ನಾವೆಲ್ಲ ನೋಡಿದ್ದೇವೆ. ಊರಿನ ಗಿಡದ ಹೆಸರು ಹೇಳಿ ಇನ್ನೊಂದು ಅಂಥ ಗಿಡವನ್ನು ನಮ್ಮ ಕೈಯಿಂದಲೇ ನೆಡಿಸುವುದು ನನಗೆ ತುಂಬಾ ಸಿಟ್ಟು ತರಿಸಿತು.

ಬೀಜ ಕೈಗೆ ಬಂದಾಗಲೇ ಮೋಸ ಹಿಡಿಯಬಹುದು. ನೆಕ್ಕರಿಕ ಮತ್ತು ಬೆಳ್ಳಟ್ಟಿಯ ಬೀಜ ತೀರಾ ಸಣ್ಣ, ಬೆರಳಿಗೆ ಅಂಟುವಷ್ಟು. ರೆಕ್ಕೆಯಿದ್ದರೆ, ಸೂಜಿಯ ಹಾಗೆ ಉದ್ದವಿದ್ದರೆ ಅದು ಬೇರೆಯೇ. ಕೇಪುಳದ ಬೀಜ ದಪ್ಪ, ಒಂದು ಬದಿ ಗುಳಿ. ಸಸಿ ಎದ್ದ ಮೇಲೆ ಎಲೆ ನೋಡಿ. ಕೇಪುಳ, ಬೆಳ್ಳಟ್ಟಿ ಎರಡೂ ಕಾಫಿಯ ಕುಟುಂಬದವು. ಎಲೆಗಳು ಎದುರುಬದುರು ಬರುತ್ತವೆ, ಅಂಚಿಗೆ ಹಲ್ಲು ಇಲ್ಲ. ನೆಕ್ಕರಿಕದ ಎಲೆ ಮುಟ್ಟಲು ಒರಟು, ಬುಡದಿಂದ ತುದಿಯವರೆಗೆ ಉದ್ದುದ್ದ ನರಗಳು ಎದ್ದು ಕಾಣುತ್ತವೆ.

ನಿಜ ಹೇಳಬೇಕೆಂದರೆ ಈ ಬೀಜಕ್ಕೆ ದುಡ್ಡು ಕೊಡುವ ಅಗತ್ಯವೇ ಇಲ್ಲ. ಹತ್ತಿರದ ಪದವಿನಲ್ಲಿ (ಗುಡ್ಡೆಯ ಮೇಲಿನ ಬಯಲಿನಲ್ಲಿ), ರಸ್ತೆ ಬದಿಯ ಬಲ್ಲೆಯಲ್ಲಿ ಚೆನ್ನಾಗಿ ಮಾಗಿದ ಹಣ್ಣು ಸ್ವಲ್ಪ ತನ್ನಿ. ಹಕ್ಕಿಗಳಿಗೂ ಬಿಡಿ. ನಾಗಬನದಿಂದ ಮಾತ್ರ ಕೊಯ್ಯಬೇಡಿ. ಕೇಪುಳದ ತಿರುಳು ತೊಳೆದು, ಬೀಜ ಒಣಗಿಸಿಡದೆ ಆಗಲೇ ಹಾಕಿ. ಮೊಳಕೆ ನಿಧಾನ, ತೊಟ್ಟೆ ಬಿಸಾಡಬೇಡಿ. ನೆಕ್ಕರಿಕದ ಹಣ್ಣನ್ನು ನೀರಿನಲ್ಲಿ ಕಿವುಚಿ, ಆ ನೀರನ್ನೇ ಮಣ್ಣಿನ ಮೇಲೆ ಚಿಮುಕಿಸಿ. ಮೇಲೆ ಮಣ್ಣು ಮುಚ್ಚಬೇಡಿ, ಅದು ಹುಟ್ಟಲು ಬೆಳಕು ಬೇಕು. ನಮ್ಮ ಜೂನ್ ಮಳೆ ಒಂದು ಹೊಡೆತಕ್ಕೆ ಎಲ್ಲ ತೊಳೆದುಕೊಂಡು ಹೋಗುತ್ತದೆ. ಹಾಗಾಗಿ ಬೆಳಕು ಬೀಳುವ ಮಾಡಿನಡಿ ಇಡಿ.

ಈಗಾಗಲೇ ಇಂಥ ಪೊಟ್ಟಣ ಬಿತ್ತಿ, ಹಲ್ಲಿನ ಅಂಚಿನ ಎಲೆಯ ಸಸಿ ಎದ್ದಿದ್ದರೆ ಬೇರು ಸಮೇತ ಕೀಳಿ. ಬುಡ ಕಡಿದರೆ ಟೆಕೋಮಾ ಮತ್ತೆ ಚಿಗುರುತ್ತದೆ. ಉದ್ದನೆಯ ಕಾಯಿ ಬಿಟ್ಟಿದ್ದರೆ ಒಣಗಿ ಬಿರಿಯುವ ಮೊದಲೇ ಕೊಯ್ದು ಸುಟ್ಟುಬಿಡಿ. ಗೊಬ್ಬರದ ಗುಂಡಿಗೆ ಹಾಕಬೇಡಿ.