ಸ್ಮಿತ್ ಆ್ಯಂಡ್ ವೆಸನ್ ಮಾಡೆಲ್ 19-3: ಒಂಬತ್ತು ವರ್ಷ, ಆರೂವರೆ ಸಾವಿರ ಈಡು

ಇದನ್ನು ಬರೆಯುವ ಮೊದಲು ಕಳೆದ ವಾರ ರಿವಾಲ್ವರನ್ನು ಮತ್ತೊಮ್ಮೆ ಅಳೆದು ನೋಡಿದೆ. ನಳಿಗೆಯ ಹಿಂತುದಿಗೂ ತೋಟಾ ತುಂಬುವ ಸಿಲಿಂಡರಿನ ಮುಖಕ್ಕೂ ನಡುವಿನ ಸಂದು 0.006 ಇಂಚು. ಕೊಂಡ ದಿನವೂ ಅಷ್ಟೇ ಇತ್ತು. ಆಮೇಲೆ ಹೊಡೆದದ್ದು ಸುಮಾರು ಆರೂವರೆ ಸಾವಿರ ಈಡು. ಅದರಲ್ಲಿ .357 ಮ್ಯಾಗ್ನಮ್ ಎಂಟುನೂರು ದಾಟಿಲ್ಲ, ಉಳಿದದ್ದೆಲ್ಲ ಇದೇ ರಿವಾಲ್ವರಿಗೆ ಹೊಂದುವ, ಅದಕ್ಕಿಂತ ಮೆತ್ತಗಿನ ತೋಟಾ .38 ಸ್ಪೆಷಲ್. ಐವತ್ತು ವರ್ಷ ಹಳೆಯ ಈ ರಿವಾಲ್ವರ್ ಇನ್ನೂ ಗಟ್ಟಿಯಾಗಿರುವುದಕ್ಕೆ ಈ ಲೆಕ್ಕವೇ ಕಾರಣ ಅಂತ ನಾನು ನಂಬಿದ್ದೇನೆ.

ನಾನಿರುವುದು ಟೆಕ್ಸಸ್‌ನಲ್ಲಿ, ಹುಟ್ಟಿದ್ದು ಮೂಡಿಗೆರೆ ಕಡೆ. ಮನೆಯಲ್ಲಿ ಬೆಳೆ ಕಾಯಲು ಅಜ್ಜನ ಲೈಸೆನ್ಸ್ ಕೋವಿ ಇತ್ತು. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಯ್ದು ಇಟ್ಟು ಬರುತ್ತಿದ್ದರು. ಕೋವಿ ಕೈಗೆ ಬಂದೊಡನೆ ತೆರೆದು ನೋಡಬೇಕು, ಪಕ್ಕದವನು ಈಗಷ್ಟೇ ನೋಡಿ ಕೊಟ್ಟಿದ್ದರೂ ಸರಿ, ಎನ್ನುವ ಪಾಠ ಅಲ್ಲಿಯದು. ಇಲ್ಲಿ ಗ್ರೀನ್ ಕಾರ್ಡ್ ಬರುವ ತನಕ ನಾನು ಏನನ್ನೂ ಕೊಳ್ಳಲಿಲ್ಲ. ಎಚ್-1ಬಿಯಲ್ಲಿರುವ ಗೆಳೆಯರು ಗಮನಿಸಿ: ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ ಆ ವೀಸಾದವರು ಇಲ್ಲಿ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಇನ್ನು ಬೇರೆ ರಾಜ್ಯದವರಿಂದ ರಿವಾಲ್ವರ್ ಕೊಂಡರೆ ಅದು ನಿಮ್ಮ ರಾಜ್ಯದ ಲೈಸೆನ್ಸ್ ಇರುವ ಡೀಲರ್ ಬಳಿಗೇ ಬರಬೇಕು, ಅಲ್ಲಿ ಬಂದೂಕು ಖರೀದಿಯ ಫಾರಂ 4473 ತುಂಬಿ, ಹಿನ್ನೆಲೆ ತಪಾಸಣೆ ಮುಗಿದ ಮೇಲೆ ನಿಮ್ಮ ಕೈಗೆ.

ಈಗಿರುವುದು ನನ್ನ ಎರಡನೆಯ ಮಾಡೆಲ್ 19. ಮೊದಲನೆಯದನ್ನು ಒಂದು ಬಂದೂಕು ಮೇಳದಲ್ಲಿ ಅದರ ಬಣ್ಣಕ್ಕೆ ಮರುಳಾಗಿ ಕೊಂಡಿದ್ದೆ. ಕಡುನೀಲಿ ಹೊಳಪು, ಒಂದು ಗೀರಿಲ್ಲ, ಮರದ ಹಿಡಿ ಹೊಸದರಂತಿತ್ತು. ಮೂರನೆಯ ಸಲ ರೇಂಜಿಗೆ ಹೋದಾಗ ಗುಂಡು ಎಲ್ಲೆಲ್ಲೋ ಬೀಳತೊಡಗಿತು. ಬಂದೂಕು ರಿಪೇರಿಯವರು ಸಿಲಿಂಡರ್ ಹೊರಕ್ಕೆ ತಿರುಗಿಸಿ, ನಳಿಗೆಯ ಹಿಂಬದಿ ಬಟ್ಟೆಯಿಂದ ಒರೆಸಿ, ಸಣ್ಣ ಟಾರ್ಚ್ ಹಿಡಿದು ಭೂತಗನ್ನಡಿ ನನ್ನ ಕೈಗೆ ಕೊಟ್ಟರು. ಗುಂಡು ನಳಿಗೆಗೆ ಹೊಗುವ ಲಾಳಿಕೆಯಂಥ ಬಾಯಿಗೆ ಫೋರ್ಸಿಂಗ್ ಕೋನ್ ಎನ್ನುತ್ತಾರೆ. ಅದರ ಕೆಳತುದಿಯಲ್ಲಿ, ಗಡಿಯಾರದಲ್ಲಿ ಆರು ಇರುವ ಜಾಗದಲ್ಲಿ, ಕೂದಲೆಳೆಯಷ್ಟು ಸಪೂರ ಸೀಳು. ಮಸಿ ತುಂಬಿದ್ದರಿಂದ ಕೊಳ್ಳುವಾಗ ಕಂಡಿರಲಿಲ್ಲ. ಮಾರಿದವರು 'ಇದ್ದ ಹಾಗೆ ಕೊಟ್ಟದ್ದು' ಎಂದು ಕೈ ಕೊಡವಿದರು. ಆ ಕಾಲದ ನಳಿಗೆ ಹೊಸದಾಗಿ ಸಿಗುವುದು ಬಹಳ ಕಷ್ಟ, ಹಾಗಾಗಿ ಕೊನೆಗೆ ಅದು ಬಿಡಿಭಾಗಗಳ ಬೆಲೆಗೆ ಹೋಯಿತು. ಹಣ ಹೋದದ್ದಕ್ಕಿಂತ, ಅಷ್ಟು ಚಂದದ ಕೆಲಸಗಾರಿಕೆ ಹಾಳಾಯಿತಲ್ಲ ಎನ್ನುವ ಸಂಕಟ ನನಗೆ ಇವತ್ತಿಗೂ ಇದೆ.

ಸೀಳು ಅಲ್ಲೇ ಏಕೆ ಬಂತು ಎನ್ನುವುದಕ್ಕೆ ಈ ಮಾಡೆಲಿನ ಹುಟ್ಟು ತಿಳಿಯಬೇಕು. 1935ರಲ್ಲಿ .357 ಮ್ಯಾಗ್ನಮ್ ಬಂದಾಗ ಅದನ್ನು ತಾಳಿಕೊಳ್ಳಲು ಸ್ಮಿತ್ ಆ್ಯಂಡ್ ವೆಸನ್ ಕಂಪನಿ ತನ್ನ ದೊಡ್ಡ ಎನ್ ಫ್ರೇಮನ್ನು (ಫ್ರೇಮ್ ಅಂದರೆ ರಿವಾಲ್ವರಿನ ಮೈಕಟ್ಟು) ಬಳಸಿತು. ದಿನವಿಡೀ ಸೊಂಟದಲ್ಲಿ ಹೊರುವವರಿಗೆ ಅದು ಭಾರ. ಅಮೆರಿಕದ ಗಡಿ ಗಸ್ತು ಪಡೆಯ ಬಿಲ್ ಜೋರ್ಡನ್ ಮುಂತಾದವರ ಒತ್ತಾಯದಿಂದ 1955ರಲ್ಲಿ ಇದೇ ತೋಟಾ ಮಧ್ಯಮ ಗಾತ್ರದ ಕೆ ಫ್ರೇಮಿಗೆ ಇಳಿಯಿತು. ಹೆಸರು ಕಾಂಬ್ಯಾಟ್ ಮ್ಯಾಗ್ನಮ್, 1957ರಿಂದ ಮಾಡೆಲ್ 19. ಫ್ರೇಮ್ ಚಿಕ್ಕದಾದ್ದರಿಂದ ಸಿಲಿಂಡರ್ ಹೊತ್ತ ತೋಳಿಗೆ ಜಾಗ ಬಿಡಲು ನಳಿಗೆಯ ಬಾಯಿಯ ಕೆಳಭಾಗವನ್ನು ಚಪ್ಪಟೆಯಾಗಿ ಅರೆದಿದ್ದಾರೆ. ಉಕ್ಕು ತೀರಾ ತೆಳುವಾಗಿರುವುದು ಅಲ್ಲಿಯೇ. ಅಭ್ಯಾಸ .38ರಲ್ಲಿ ಮಾಡುವುದು, ಕೆಲಸಕ್ಕೆ ಹೋಗುವಾಗ ಮ್ಯಾಗ್ನಮ್ ತುಂಬಿಕೊಳ್ಳುವುದು ಎನ್ನುವ ರೂಢಿ ಇದ್ದಷ್ಟು ಕಾಲ ತೊಂದರೆ ಕಾಣಲಿಲ್ಲ. ಮುಂದೆ ಪೊಲೀಸರು ಅಭ್ಯಾಸಕ್ಕೂ ಮ್ಯಾಗ್ನಮ್ಮನ್ನೇ ಹೊಡೆಯತೊಡಗಿದರು, ಅದೂ 125 ಗ್ರೇನಿನ (ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ) ಹಗುರ ಗುಂಡು: ಹೆಚ್ಚು ಮದ್ದು, ಹೆಚ್ಚು ವೇಗ, ಬಾಯಿಗೆ ಬಡಿಯುವ ಬೆಂಕಿಯೂ ಹೆಚ್ಚು. ಆಗ ಸೀಳುಗಳು ಶುರುವಾದವು. ಕಂಪನಿ 1980ರ ಆಸುಪಾಸಿನಲ್ಲಿ ದಪ್ಪ ನಳಿಗೆಯ ಎಲ್ ಫ್ರೇಮ್ ತಂದದ್ದರ ಹಿಂದೆ ಇದೇ ಕಾರಣ ಇತ್ತು.

ಎರಡನೆಯದನ್ನು ಕೊಳ್ಳುವಾಗ ಬಣ್ಣ ನೋಡಲಿಲ್ಲ. ಹೋಲ್ಸ್ಟರಿನಲ್ಲಿ ಉಜ್ಜಿ ನಳಿಗೆಯ ತುದಿ ಬೆಳ್ಳಗಾಗಿತ್ತು, ಹಿಡಿಗೆ ಗೀರು ಬಿದ್ದಿತ್ತು. ಒಳಗೆ ಮಾತ್ರ ಅಚ್ಚುಕಟ್ಟು. ಮಾರುವವರ ಒಪ್ಪಿಗೆ ಕೇಳಿ, ಖಾಲಿ ಎಂದು ಇಬ್ಬರೂ ನೋಡಿಕೊಂಡು, ಹೆಬ್ಬೆರಳಲ್ಲಿ ಸಿಲಿಂಡರಿಗೆ ಸ್ವಲ್ಪವೇ ತಡೆ ಕೊಟ್ಟು ಕುದುರೆಯನ್ನು, ಅಂದರೆ ಹ್ಯಾಮರನ್ನು, ನಿಧಾನ ಹಿಂದಕ್ಕೆಳೆದೆ. ಕುದುರೆ ಕೊನೆಯ ಕಚ್ಚಿಗೆ ಕೂರುವುದರೊಳಗೆ ಸಿಲಿಂಡರ್ ಟಕ್ಕೆಂದು ಬೀಗಕ್ಕೆ ಬೀಳಬೇಕು. ತೋಟಾ ಕೂರುವ ಆರು ಮನೆಗೂ ಹೀಗೆ ನೋಡಬೇಕು, ಒಂದು ಮನೆ ಸೋತರೂ ರಿಪೇರಿ ಖರ್ಚು ಬೆಲೆಯಲ್ಲಿ ಕಳೆಯಬೇಕು. ಏರಿಸಿದ ಕುದುರೆಯನ್ನು ಹಿಂದಿನಿಂದ ಹೆಬ್ಬೆರಳಲ್ಲಿ ಒತ್ತಿದೆ, ಜಾರಲಿಲ್ಲ. ಸಿಲಿಂಡರನ್ನು ಹಿಂದೆ ಮುಂದೆ ಅಲುಗಿಸಿದರೆ ಆಡಿದ್ದು ಕಂಡೂ ಕಾಣದಷ್ಟು. ಫೋರ್ಸಿಂಗ್ ಕೋನಿಗೆ ಟಾರ್ಚ್ ಹಿಡಿಯುವ ಮೊದಲು ಅಲ್ಲಿನ ಮಸಿಯನ್ನು ಹಿತ್ತಾಳೆ ಬ್ರಷ್‌ನಲ್ಲಿ ಉಜ್ಜಿಯೇ ನೋಡಿದೆ. ಸ್ಕ್ರೂ ತಲೆಗಳು ಹರಿದಿರಲಿಲ್ಲ, ಅಂದರೆ ಒಳಗೆ ಯಾರೂ ಕೈಯಾಡಿಸಿಲ್ಲ. 650 ಡಾಲರ್ ಕೊಟ್ಟೆ.

ಸಿಲಿಂಡರ್ ತೆರೆದರೆ ತೋಳು ಮುಚ್ಚುವ ಜಾಗದಲ್ಲಿ 19-3 ಎಂದು ಒತ್ತಿರುವುದು ಕಾಣುತ್ತದೆ. 1967ರಿಂದ 1977ರವರೆಗಿನ ಗುರುತು ಅದು. ನಳಿಗೆಯನ್ನು ಫ್ರೇಮಿಗೆ ಹಿಡಿದಿರುವ ಸಣ್ಣ ಪಿನ್ನು, ತೋಟಾದ ಅಂಚು ಪೂರ್ತಿ ಒಳಗೆ ಕೂರುವಂತೆ ತೋಡಿದ ಮನೆಗಳು, ಇವೆರಡೂ 1982ರ ಸುಮಾರಿಗೆ ನಿಂತುಹೋದವು. ಇವಕ್ಕಾಗಿ ಸಂಗ್ರಾಹಕರು ಹೆಚ್ಚು ಹಣ ಕೊಡುತ್ತಾರೆ. ಗುರಿಗೆ ಅವುಗಳಿಂದ ವ್ಯತ್ಯಾಸವೇನೂ ನನಗೆ ಕಂಡಿಲ್ಲ, ಆದರೆ ಆ ತೋಡಿದ ಮನೆಯಲ್ಲಿ ಹಿತ್ತಾಳೆ ಅಂಚು ಸಮನಾಗಿ ಕೂತದ್ದನ್ನು ನೋಡುವುದೇ ನನಗೆ ಖುಷಿ.

ಬಳಕೆಯಲ್ಲಿ ಬಂದ ತೊಂದರೆ ಮೂರು. ಮೊದಲ ತಿಂಗಳಲ್ಲೇ ಕೆಲವು ತೋಟಾ ಸಿಡಿಯಲಿಲ್ಲ, ಕುದುರೆಯ ಪೆಟ್ಟಿಗೆ ಕಿಡಿ ಕೊಡುವ ಪ್ರೈಮರ್ ಮೇಲೆ ಬಿದ್ದ ಕುಳಿ ತೀರಾ ಮೇಲುಮೇಲೆ. ಹಿಂದಿನವರು ಟ್ರಿಗರ್ ಹಗುರಾಗಲೆಂದು ಹಿಡಿಯ ಮುಂಭಾಗದ ಸ್ಕ್ರೂ ಸಡಿಲ ಬಿಟ್ಟಿದ್ದರು. ಪೂರ್ತಿ ಬಿಗಿದೆ, ಮತ್ತೆ ಆ ತೊಂದರೆ ಬಂದಿಲ್ಲ. ಇನ್ನೊಮ್ಮೆ ರೇಂಜಿನ ನಡುವೆ ಸಿಲಿಂಡರ್ ತೆರೆಯಲೇ ಇಲ್ಲ. ಖಾಲಿ ಕವಚಗಳನ್ನು ಹೊರಕ್ಕೆ ತಳ್ಳುವ ಎಜೆಕ್ಟರ್ ರಾಡ್ ತಾನಾಗಿ ಸಡಿಲಾಗಿ ಮುಂದಕ್ಕೆ ಸಿಕ್ಕಿಕೊಂಡಿತ್ತು. ಇದರ ತಿರುಪಿನ ಮರೆ ಎಡಸುತ್ತು, ನಲ್ಲಿ ತಿರುಗಿಸುವ ಅಭ್ಯಾಸದಲ್ಲಿ ಕೈ ಹಾಕಿದರೆ ಇನ್ನಷ್ಟು ಬಿಚ್ಚಿಕೊಳ್ಳುತ್ತದೆ. ಬಿಗಿಯುವಾಗ ಮನೆಗಳಲ್ಲಿ ಹೊಡೆದ ಖಾಲಿ ಕವಚ ಇಟ್ಟುಕೊಳ್ಳಿ, ಹಿಂದಿನ ನಕ್ಷತ್ರದಂಥ ಭಾಗ ತಿರುಚುವುದಿಲ್ಲ. ಮೂರನೆಯದು ನನ್ನ ಸೋಮಾರಿತನದಿಂದ ಆದದ್ದು. ತಿಂಗಳುಗಟ್ಟಲೆ .38 ಹೊಡೆದು ಮನೆಗಳನ್ನು ಸರಿಯಾಗಿ ಉಜ್ಜಿರಲಿಲ್ಲ. .38ರ ಕವಚ ಗಿಡ್ಡ, ಅದರ ಬಾಯಿ ನಿಲ್ಲುವಲ್ಲಿ ಮಸಿಯ ಬಳೆ ಕಟ್ಟಿತ್ತು. ಉದ್ದದ ಮ್ಯಾಗ್ನಮ್ ಹಾಕಿದರೆ ಕೊನೆಯ ಸ್ವಲ್ಪಕ್ಕೆ ಒಳಗೆ ಹೋಗಲೇ ಇಲ್ಲ. ಒತ್ತಿ ತುರುಕುವ ಕೆಲಸ ಮಾಡಬೇಡಿ. ಬ್ರಷ್‌ಗೆ ಮಸಿ ಬಿಡಿಸುವ ದ್ರಾವಣ ಹಾಪ್ಸ್ ನಂಬರ್ 9 ಹಚ್ಚಿ ಹತ್ತು ನಿಮಿಷ ಬಿಟ್ಟು ಉಜ್ಜಿದರೆ ಬಿಡುತ್ತದೆ.

ಟ್ರಿಗರ್ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಡಬಲ್ ಆ್ಯಕ್ಷನ್ ಎಳೆತ, ಅಂದರೆ ಟ್ರಿಗರ್ ಎಳೆದೇ ಕುದುರೆ ಏರಿಸಿ ಹೊಡೆಯುವುದು, ಉದ್ದ, ಭಾರವೂ ಹೌದು, ಆದರೆ ನಡುವೆ ಎಲ್ಲೂ ತೊಡರುವುದಿಲ್ಲ. ಕಲಿತದ್ದು ಮನೆಯಲ್ಲಿ: ತೋಟಾಗಳನ್ನೆಲ್ಲ ಬೇರೆ ಕೋಣೆಯಲ್ಲಿಟ್ಟು, ಸಿಲಿಂಡರಿಗೆ ಮದ್ದಿಲ್ಲದ ಡಮ್ಮಿ ತೋಟಾ ತುಂಬಿ, ನಳಿಗೆಯ ಮೇಲೆ ಒಂದು ಸೆಂಟಿನ ನಾಣ್ಯ ಇಟ್ಟು ಎಳೆಯುವುದು. ನಾಣ್ಯ ಬೀಳದೆ ಹತ್ತು ಸಲ ಎಳೆಯಲು ನನಗೆ ಎರಡು ತಿಂಗಳು ಹಿಡಿಯಿತು. ಆಮೇಲೆ ಏಳು ಗಜದಲ್ಲಿ ಆರೂ ಗುಂಡು ಅಂಗೈಯಗಲದೊಳಗೆ ಬೀಳತೊಡಗಿದವು. ಕುದುರೆ ಏರಿಸಿ ಹೊಡೆಯುವುದನ್ನು ಈಗ ಇಪ್ಪತ್ತೈದು ಗಜಕ್ಕೆ ಮಾತ್ರ ಇಟ್ಟುಕೊಂಡಿದ್ದೇನೆ. ಮೂಲದ ಮರದ ಹಿಡಿ ನನ್ನ ಕೈಗೆ ದಪ್ಪ. ಮ್ಯಾಗ್ನಮ್ ಹೊಡೆದಾಗ ಟ್ರಿಗರ್ ಗಾರ್ಡ್ ನಡುಬೆರಳ ಗೆಣ್ಣಿಗೆ ಬಡಿಯುತ್ತಿತ್ತು. ಪ್ಯಾಕ್‌ಮೇಯರ್ ರಬ್ಬರ್ ಹಿಡಿ ಹಾಕಿ, ಮರದ್ದನ್ನು ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ.

ವಾರ ವಾರವೂ ಮ್ಯಾಗ್ನಮ್ಮನ್ನೇ ಹೊಡೆಯುವ ಆಸೆ ಇದ್ದವರಿಗೆ ಇದು ಬೇಡ. ಅದೇ ಕಂಪನಿಯ ಎಲ್ ಫ್ರೇಮಿನ ಹಳೆಯ 686 ನೋಡಿ, ಆದರೆ 1987ಕ್ಕಿಂತ ಹಿಂದಿನದಾದರೆ ಫ್ರೇಮಿನ ಮೇಲೆ ಎಂ ಅಕ್ಷರ ಒತ್ತಿದೆಯೇ ಗಮನಿಸಿ, ಕಂಪನಿ ವಾಪಸ್ ಕರೆಸಿ ಸರಿಪಡಿಸಿದ್ದರ ಗುರುತು ಅದು. ರೂಗರ್ ಸೆಕ್ಯುರಿಟಿ-ಸಿಕ್ಸ್ ಚಂದದಲ್ಲಿ ಹಿಂದೆ, ಗಟ್ಟಿತನದಲ್ಲಿ ಮುಂದೆ. ಕೋಲ್ಟ್ ಪೈಥಾನ್ ಬೆಲೆ ಕೇಳಿ ನಾನು ಸುಮ್ಮನಾದೆ.

ನನ್ನ ಮ್ಯಾಗ್ನಮ್ ಎಲ್ಲ 158 ಗ್ರೇನಿನದು. ರೇಂಜಿನಲ್ಲಿ ಗೆಳೆಯರು ಪ್ರೀತಿಯಿಂದ 'ತಗೋ ಮಾರಾಯ, ಇದನ್ನೂ ಹೊಡೆದು ನೋಡು' ಎಂದು ಕೈತುಂಬ ತೋಟಾ ಕೊಡುವುದುಂಟು. 125 ಇದ್ದರೆ ನಾನು ವಾಪಸ್ ಕೊಡುತ್ತೇನೆ. ಮನೆಯವರೂ ಇದರಲ್ಲಿ ಹೊಡೆಯುವುದರಿಂದ, ರಿವಾಲ್ವರಿನ ಪೆಟ್ಟಿಗೆಯ ಒಳಮುಚ್ಚಳದ ಮೇಲೆ 158 ಎಂದು ದಪ್ಪ ಮಾರ್ಕರಿನಲ್ಲಿ ಬರೆದಿಟ್ಟಿದ್ದೇನೆ.